ಗಡೀಪಾರಾದ ಸಂಪಾದಕ: ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆ

ಕಣ್ಣೂರಿನ ಪಯ್ಯಾಂಬಲಂ ಕಡಲತೀರದಲ್ಲಿ ಕೇರಳದ ಅನೇಕ ರಾಜಕೀಯ ನಾಯಕರ ಸಮಾಧಿಗಳಿವೆ. ಎ.ಕೆ. ಗೋಪಾಲನ್, ಇ.ಕೆ. ನಾಯನಾರ್ ಮೊದಲಾದವರ ಸ್ಮಾರಕಗಳನ್ನು ನೋಡಲು ಹೋದವರಿಗೆ, ಅವರೆಲ್ಲರಿಗಿಂತ ಬಹು ಹಿಂದೆ, 1916ರಲ್ಲಿ, ಅಲ್ಲಿ ಮಣ್ಣಾದ ಪತ್ರಕರ್ತರೊಬ್ಬರ ನೆನಪೂ ಅದೇ ಮರಳಿನಲ್ಲಿ ಎದುರಾಗುತ್ತದೆ. ಅವರು ಕಣ್ಣೂರಿನವರಲ್ಲ. ತಿರುವಾಂಕೂರು ಸಂಸ್ಥಾನದ ದಕ್ಷಿಣ ಭಾಗದ ನೆಯ್ಯಾಟಿಂಕರದ ಬಳಿ ಹುಟ್ಟಿ, ತಿರುವನಂತಪುರದಲ್ಲಿ ಹೆಸರು ಮಾಡಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಅರಸನ ಆಜ್ಞೆಯಿಂದ ಹುಟ್ಟಿದ ನಾಡನ್ನು ಶಾಶ್ವತವಾಗಿ ಕಳೆದುಕೊಂಡು, ಕೊನೆಗೆ ನಮ್ಮ ಕಾಸರಗೋಡಿನ ನೆರೆಯ ಪಟ್ಟಣಕ್ಕೆ ಬಂದು ಕಣ್ಣು ಮುಚ್ಚಿದವರು. ರಾಮಕೃಷ್ಣ ಪಿಳ್ಳೆ ಎಂದರೆ ಹೊಳೆಯದವರಿಗೂ ಸ್ವದೇಶಾಭಿಮಾನಿ ಎಂದೊಡನೆ ಹೊಳೆಯುತ್ತದೆ.

ಕನ್ನಡ ಶಾಲೆಯೊಂದರ ಶತಮಾನೋತ್ಸವದ ಸಂಪುಟದಲ್ಲಿ ಮಲಯಾಳ ಪತ್ರಕರ್ತರೊಬ್ಬರ ಜೀವನವನ್ನು ಬರೆಯುವುದೇಕೆಂದು ನಮ್ಮ ಹಳೆವಿದ್ಯಾರ್ಥಿಗಳಲ್ಲಿ ಕೆಲವರು ಕೇಳಬಹುದು. ಗೋವಿಂದ ಪೈಗಳನ್ನು ಕುರಿತು, ಕಯ್ಯಾರರನ್ನು ಕುರಿತು ಬರೆಯಲು ನಮಗಿಂತ ಸಮರ್ಥರು ಅನೇಕರಿದ್ದಾರೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನಮ್ಮ ಹಿರಿಯರು ಇದ್ದ ಮನೆಯಲ್ಲಿಯೇ ಇದ್ದರು. ಗಡಿ ಮಾತ್ರ ಅವರನ್ನು ದಾಟಿ ಹೋಯಿತು. ಆ ಮೇಲೆ ತಿರುವಾಂಕೂರಿನ ಚರಿತ್ರೆಯೂ ನಮ್ಮ ಮಕ್ಕಳು ಕಲಿಯಬೇಕಾದ ಪಾಠವಾಯಿತು. ಅದನ್ನು ಕನ್ನಡದಲ್ಲಿ ಹೇಳಿಕೊಡುವ ನಮಗೆ ಈ ವ್ಯಕ್ತಿಯ ವಿಷಯದಲ್ಲಿ ಹೆಸರು, ಇಸವಿ, ಗಡೀಪಾರು ಎಂಬ ಮೂರು ಸಂಗತಿಗಳು ಎಂದೂ ಸಾಲವೆನಿಸಿಲ್ಲ. ಶಾಲೆಯೊಂದು ಅವರನ್ನು ನೆನೆಯುವಾಗ ಹೇಳದೆ ಬಿಡಬಾರದ ಮಾತೊಂದು ಅವರ ಬರವಣಿಗೆಯಲ್ಲಿಯೇ ಇದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇವೆ.

ರಾಮಕೃಷ್ಣ ಪಿಳ್ಳೆಯವರು 1878ರ ಮೇ 25ರಂದು ಜನಿಸಿದರು. ತಿರುವನಂತಪುರದಲ್ಲಿ ಕಾಲೇಜು ವಿದ್ಯಾಭ್ಯಾಸ ಮಾಡುತ್ತಿದ್ದಾಗಲೇ ಪತ್ರಿಕೆಗಳ ಗೀಳು ಹತ್ತಿತು. ಮನೆಯ ಹಿರಿಯರಿಗೆ ಬೇಕಾಗಿದ್ದದ್ದು ಸರಕಾರಿ ಉದ್ಯೋಗ. ಹುಡುಗನಿಗೆ ಬೇಕಾಗಿದ್ದದ್ದು ಅಚ್ಚುಕೂಟದ ಮಸಿ. 'ಕೇರಳ ದರ್ಪಣಂ', 'ಕೇರಳ ಪಂಚಿಕ', 'ಮಲಯಾಳಿ' ಎಂದು ಒಂದಾದ ಮೇಲೊಂದು ಪತ್ರಿಕೆಯಲ್ಲಿ ದುಡಿದರು. ಕೆಲವು ಕಡೆ ಮಾಲಿಕರೊಡನೆ ಹೊಂದಲಾಗದೆ ಹೊರಬಂದರು. ಮೊದಲ ಪತ್ನಿ ತೀರಿಕೊಂಡ ಬಳಿಕ ಬಿ. ಕಲ್ಯಾಣಿ ಅಮ್ಮ ಅವರನ್ನು ವಿವಾಹವಾದರು. ಕಲ್ಯಾಣಿ ಅಮ್ಮ ಶಿಕ್ಷಕಿ. 1904ರಲ್ಲಿ ಹೊರಟ 'ಶಾರದಾ' ಎಂಬ ಮಹಿಳಾ ಮಾಸಿಕದ ಮೂವರು ಸಂಪಾದಕಿಯರಲ್ಲಿ ಒಬ್ಬರು. ಹೆಣ್ಣುಮಕ್ಕಳೇ ಸಂಪಾದಿಸುವ ಪತ್ರಿಕೆ ಆ ಕಾಲಕ್ಕೆ ಎಷ್ಟು ಅಪರೂಪವೆಂಬುದನ್ನು ನಮ್ಮ ಸಹೋದ್ಯೋಗಿಗಳಿಗೆ ವಿವರಿಸಬೇಕಾಗಿಲ್ಲ. ಈ ದಂಪತಿಗಳಲ್ಲಿ ಬರೆಯಬಲ್ಲವರು ಒಬ್ಬರಲ್ಲ, ಇಬ್ಬರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

'ಸ್ವದೇಶಾಭಿಮಾನಿ' ಎಂಬುದು ಬಿರುದಾಗುವುದಕ್ಕೆ ಮೊದಲು ಪತ್ರಿಕೆಯ ಹೆಸರು. (ಮಂಗಳೂರಿನಿಂದಲೂ ಇದೇ ಹೆಸರಿನ ಕನ್ನಡ ವಾರಪತ್ರಿಕೆಯೊಂದು ಹೊರಡುತ್ತಿತ್ತು, ನಮ್ಮ ಹಿರಿಯ ಓದುಗರು ಎರಡನ್ನೂ ಒಂದೆಂದು ಭಾವಿಸಬಾರದು.) ತಿರುವಾಂಕೂರಿನ ಈ ಪತ್ರಿಕೆಯನ್ನು 1905ರ ಜನವರಿ 19ರಂದು ಆರಂಭಿಸಿದವರು ವಕ್ಕಂ ಅಬ್ದುಲ್ ಖಾದರ್ ಮೌಲವಿ. ಶ್ರೀಮಂತ ಮನೆತನದವರು, ಅರಬಿ ಪಂಡಿತರು, ತಮ್ಮ ಸಮಾಜದ ಸುಧಾರಣೆಗೆ ಆಯುಷ್ಯವನ್ನೇ ಸವೆಸಿದವರು. ಇಂಗ್ಲೆಂಡಿನಿಂದ ಹೊಸ ಅಚ್ಚಿನ ಯಂತ್ರವನ್ನು ತರಿಸಿ, ಬ್ರಿಟಿಷರ ಸ್ವಾಧೀನದಲ್ಲಿದ್ದ ಅಂಚುತೆಂಗಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1906ರಲ್ಲಿ ರಾಮಕೃಷ್ಣ ಪಿಳ್ಳೆಯವರನ್ನು ಸಂಪಾದಕರನ್ನಾಗಿ ಕರೆದುಕೊಂಡು ಪತ್ರಿಕೆಯನ್ನು ಪೂರ್ತಿಯಾಗಿ ಅವರ ಕೈಗೊಪ್ಪಿಸಿದರು. ಮಾಲಿಕರು ಮುಸಲ್ಮಾನರು, ಸಂಪಾದಕರು ನಾಯರ್ ಸಮುದಾಯದವರು. ಏನು ಬರೆಯಬೇಕು, ಯಾರನ್ನು ಬಿಡಬೇಕು ಎಂಬುದರಲ್ಲಿ ಮೌಲವಿಯವರು ಕೈಹಾಕಲಿಲ್ಲ. 1907ರಲ್ಲಿ ಪತ್ರಿಕೆ ರಾಜಧಾನಿಗೆ ಬಂದಿತು. ಅರಮನೆ, ದಿವಾನರ ಕಚೇರಿ, ಪತ್ರಿಕೆಯ ಅಚ್ಚುಕೂಟ ಮೂರೂ ಒಂದೇ ಊರಿನಲ್ಲಿ ಸೇರಿದವು.

ಆ ಊರಿನ ರಾಜಕೀಯವನ್ನು ಸ್ವಲ್ಪ ತಿಳಿಯಬೇಕು. ಮೂಲಂ ತಿರುನಾಳ್ ಮಹಾರಾಜರು 1885ರಿಂದ ಆಳುತ್ತಿದ್ದರು. ಶಾಲೆಗಳಿಗೂ ಅಕ್ಷರಸ್ಥ ಪ್ರಜೆಗಳಿಗೂ ಸಂಸ್ಥಾನ ಹೆಸರಾಗಿತ್ತು. 1904ರಲ್ಲಿ ಶ್ರೀ ಮೂಲಂ ಪ್ರಜಾಸಭೆ ಆರಂಭವಾಯಿತು. ಅದನ್ನು ತಂದ ದಿವಾನರು ವಿ.ಪಿ. ಮಾಧವರಾಯರು. ಮೈಸೂರು ಸರಕಾರದ ಸೇವೆಯಲ್ಲಿದ್ದು ಅಲ್ಲಿಯ ಪ್ರಜಾಪ್ರತಿನಿಧಿ ಸಭೆಯನ್ನು ಬಲ್ಲವರಾಗಿದ್ದರು. 1906ರಲ್ಲಿ ಮರಳಿ ಮೈಸೂರಿಗೆ ದಿವಾನರಾಗಿ ಹೋದರು. ಸಭೆಯಲ್ಲಿ ಜಮೀನುದಾರರೂ ವರ್ತಕರೂ ವರ್ಷಕ್ಕೊಮ್ಮೆ ಸೇರಿ ಅಹವಾಲು ಹೇಳಬಹುದಿತ್ತು. ಸರಕಾರವನ್ನು ಬಗ್ಗಿಸುವ ಅಧಿಕಾರ ಅವರಿಗಿರಲಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಾದ ಸ್ಥಾನವೊಂದು ಸಂಸ್ಥಾನದಲ್ಲಿ ಎಲ್ಲಿಯೂ ಇರಲಿಲ್ಲವೆಂದರೆ ತಪ್ಪಾಗದು. ರಾಮಕೃಷ್ಣ ಪಿಳ್ಳೆಯವರು ಆ ಸ್ಥಾನವನ್ನು ಪತ್ರಿಕೆಯ ಅಂಕಣದಲ್ಲಿ ಕಟ್ಟಲು ಹೊರಟರು.

ಅವರ ಅಗ್ರಲೇಖನಗಳ ಮುಖ್ಯ ವಾದ ಸರಳವಾದದ್ದು. ಅರಸು ದೇವರ ಪ್ರತಿನಿಧಿಯಲ್ಲ; ಪ್ರಜೆಗಳ ಹಣದಿಂದ ನಡೆಯುವ ಆಡಳಿತದ ಮೇಲಾಳು. ಬೊಕ್ಕಸದ ಹಣ ಅರಮನೆಯ ಖಾಸಗಿ ಸೊತ್ತಲ್ಲ. ನೌಕರಿಗಳನ್ನು ಲಂಚಕ್ಕೆ ಮಾರುವವರು, ಅರಮನೆಯ ಸಾಮೀಪ್ಯವನ್ನು ವ್ಯಾಪಾರ ಮಾಡಿಕೊಂಡವರು ಪ್ರಜೆಗಳ ಮುಂದೆ ನಿಲ್ಲಬೇಕು. ಅರಮನೆಯಲ್ಲಿ ಪ್ರಭಾವಶಾಲಿಯಾಗಿದ್ದ ಶಂಕರನ್ ತಂಬಿಯವರ ಮೇಲೂ, 1907ರಲ್ಲಿ ದಿವಾನರಾಗಿ ಬಂದ ಪಿ. ರಾಜಗೋಪಾಲಾಚಾರಿಯವರ ಮೇಲೂ ಪತ್ರಿಕೆ ಎಡೆಬಿಡದೆ ಬರೆಯಿತು. ಆಡಳಿತದ ತಪ್ಪುಗಳನ್ನು ಬರೆದಂತೆಯೇ ದಿವಾನರ ಖಾಸಗಿ ನಡತೆಯನ್ನು ಕುರಿತೂ ಬರೆಯಿತು. ಅವರ ಭಾಷೆ ಚುಚ್ಚುವಂಥದ್ದು. ಕೆಲವೆಡೆ ವ್ಯಕ್ತಿನಿಂದೆಯ ಮಟ್ಟಕ್ಕೆ ಇಳಿಯುತ್ತದೆ. ಪತ್ರಿಕಾಧರ್ಮವನ್ನು ಬೋಧಿಸುವವರು ಈ ಬರಹಗಳಲ್ಲಿ ಎಲ್ಲವನ್ನೂ ಮಾದರಿಯೆಂದು ಎತ್ತಿಹಿಡಿಯಲಾರರು. ಆದರೆ ದಿವಾನರು ಮಾನನಷ್ಟದ ಮೊಕದ್ದಮೆ ಹೂಡಿ ನ್ಯಾಯಾಲಯದಲ್ಲಿ ಎದುರಿಸಬಹುದಾಗಿತ್ತು. ಆ ದಾರಿಯನ್ನು ಅವರು ಹಿಡಿಯಲಿಲ್ಲವೆಂಬುದನ್ನು ಮರೆಯಲಾಗದು.

ಇದೇ ಕಾಲದಲ್ಲಿ ಮೈಸೂರಿನಲ್ಲಿ ನಡೆದದ್ದನ್ನೂ ಜೊತೆಗಿಟ್ಟು ನೋಡಬೇಕು. ತಿರುವಾಂಕೂರಿಗೆ ಪ್ರಜಾಸಭೆಯನ್ನು ಕೊಟ್ಟ ಮಾಧವರಾಯರ ದಿವಾನಗಿರಿಯಲ್ಲಿಯೇ, 1908ರಲ್ಲಿ, ಮೈಸೂರು ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ನಿಯಂತ್ರಣದ ಶಾಸನ ಬಂದಿತು. ಜನರು ತಾತಯ್ಯನೆಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು, ಪತ್ರಕರ್ತರಾಗಿರುವಂತೆಯೇ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿಯೂ ಪ್ರಸಿದ್ಧರು, ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಸುಧಾರಕರೆನಿಸಿಕೊಂಡ ದಿವಾನರಿಗೂ ಪತ್ರಿಕೆಯ ಟೀಕೆ ನುಂಗಲಾರದ ತುತ್ತಾಗಿತ್ತು. ಮೈಸೂರಿನಲ್ಲಿ ಅದಕ್ಕೊಂದು ಕಾನೂನಾದರೂ ಬಂತು. ತಿರುವಾಂಕೂರಿನಲ್ಲಿ ಅರಸರ ಒಂದು ಆಜ್ಞೆ ಸಾಕಾಯಿತು.

ಆ ಆಜ್ಞೆಗೆ ಬರುವ ಮೊದಲು 1910ರ ಮಾರ್ಚ್ ತಿಂಗಳಲ್ಲಿ ನಿಲ್ಲಬೇಕಾಗಿದೆ.

ತಿರುವಾಂಕೂರಿನಲ್ಲಿ ಪುಲಯ ಮೊದಲಾದ ಸಮುದಾಯಗಳ ಮಕ್ಕಳಿಗೆ ಸರಕಾರಿ ಶಾಲೆಯ ಬಾಗಿಲು ಮುಚ್ಚಿತ್ತು. ವೆಂಗಾನೂರಿನ ಅಯ್ಯನ್‌ಕಾಳಿ ಅದನ್ನು ತೆರೆಸಲು ಹೊರಟಿದ್ದರು. ತಮಗೆ ಓದುಬರಹ ಕಲಿಯುವ ಅವಕಾಶವೇ ದೊರೆಯದ ಈ ಧೀರರು, ತಮ್ಮ ಮಕ್ಕಳಿಗೆ ಶಾಲೆಯ ಪ್ರವೇಶ ಸಿಗುವವರೆಗೆ ಒಡೆಯರ ಗದ್ದೆಗಳಲ್ಲಿ ಕಳೆ ಬೆಳೆಯಲೆಂದು ಕೃಷಿಕಾರ್ಮಿಕರ ಮುಷ್ಕರವನ್ನೇ ನಡೆಸಿದರು. ಕೂಲಿ ನಿಂತಿತು, ಹಸಿವಿನಲ್ಲಿಯೂ ಜನ ಪಟ್ಟು ಬಿಡಲಿಲ್ಲ. ಅಕ್ಷರಕ್ಕಾಗಿ ನಡೆದ ಇಂಥ ಮುಷ್ಕರವನ್ನು ನಮ್ಮ ದೇಶದ ಚರಿತ್ರೆಯಲ್ಲಿ ಹುಡುಕಿ ತೆಗೆಯುವುದು ಕಷ್ಟ. ಸರಕಾರ ಕೊನೆಗೆ ಈ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಆಜ್ಞೆ ಮಾಡಿತು. ಆಗ ಮೇಲ್ಜಾತಿಯವರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು; ಊರೂಟ್ಟಂಬಲದಲ್ಲಿ ಪಂಚಮಿಯೆಂಬ ಬಾಲಿಕೆಯನ್ನು ಅಯ್ಯನ್‌ಕಾಳಿ ಕರೆದುಕೊಂಡು ಹೋದ ಶಾಲೆಗೆ ಬೆಂಕಿಯನ್ನೇ ಇಟ್ಟರು.

ಸ್ವದೇಶಾಭಿಮಾನಿಯ ಸಂಪಾದಕರು ಈ ಸಂದರ್ಭದಲ್ಲಿ ಆ ಮಕ್ಕಳ ಪಕ್ಷ ವಹಿಸಲಿಲ್ಲ. ಅವರ ಸಂಪಾದಕೀಯ ಪ್ರವೇಶವನ್ನು ವಿರೋಧಿಸಿತು. ತಲೆಮಾರುಗಳಿಂದ ಬುದ್ಧಿಯನ್ನು ಬೆಳೆಸಿಕೊಂಡು ಬಂದವರನ್ನೂ, ತಲೆಮಾರುಗಳಿಂದ ಗದ್ದೆ ಉಳುತ್ತ ಬಂದವರನ್ನೂ ಒಂದೇ ತರಗತಿಯಲ್ಲಿ ಕೂಡಿಸುವುದು ಕುದುರೆಯನ್ನೂ ಎಮ್ಮೆಯನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ ಎಂಬ ಅರ್ಥದಲ್ಲಿ ಅವರು ವಾದಿಸಿದರು. ಅರಸನ ದೈವತ್ವವನ್ನು ಒಪ್ಪದ ಲೇಖನಿ ಇಲ್ಲಿ ಹುಟ್ಟಿನ ಮೇಲ್ಮೆಯನ್ನು ಒಪ್ಪಿಕೊಂಡಿತು. ಅವರು ಅಷ್ಟು ಕಠೋರವಾಗಿ ಟೀಕಿಸುತ್ತಿದ್ದ ದಿವಾನ್ ರಾಜಗೋಪಾಲಾಚಾರಿಯವರಾದರೋ ಈ ಒಂದು ವಿಷಯದಲ್ಲಿ ದಲಿತ ಮಕ್ಕಳ ಪ್ರವೇಶಕ್ಕೆ ಬೆಂಬಲವಾಗಿ ನಿಂತಿದ್ದರು.

ಕಾಲವೇ ಹಾಗಿತ್ತು ಎಂದು ಹೇಳಿ ಇದನ್ನು ದಾಟಿಬಿಡುವ ರೂಢಿ ಇದೆ. ನಮಗೆ ಅದು ಸರಿ ಕಾಣುವುದಿಲ್ಲ. ನಮ್ಮ ಕಾಸರಗೋಡಿನಲ್ಲಿಯೇ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು, ಸಾರಸ್ವತ ಬ್ರಾಹ್ಮಣ ಕುಲದವರು, ಮಂಗಳೂರಿನಲ್ಲಿ ವಕೀಲರಾಗಿದ್ದವರು, ಈ ಸಂಪಾದಕೀಯಕ್ಕಿಂತ ಎಷ್ಟೋ ವರ್ಷ ಮೊದಲೇ ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದಿದ್ದರು. ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಉಂಡಿದ್ದರು. ಅದೇ ಕರಾವಳಿ, ಅದೇ ಕಾಲ. ಬೇರೆ ರೀತಿಯಲ್ಲಿ ಯೋಚಿಸಲು ಸಾಧ್ಯವಿತ್ತು, ಯೋಚಿಸಿದವರೂ ಇದ್ದರು. ಬಹಿಷ್ಕಾರ, ಬೆಂಕಿ, ಮುಷ್ಕರಗಳ ಬೆಲೆ ತೆತ್ತು ಯಾರೋ ತೆರೆಸಿದ ಬಾಗಿಲಿನಿಂದಲೇ ನಮ್ಮ ಶಾಲೆಗೂ ಎಲ್ಲ ಮನೆಗಳ ಮಕ್ಕಳು ಬಂದರು. ಆ ಮಕ್ಕಳ ಮಕ್ಕಳು, ಮೊಮ್ಮಕ್ಕಳು ಈ ಸಂಪುಟವನ್ನು ಓದುತ್ತಾರೆ. ರಾಮಕೃಷ್ಣ ಪಿಳ್ಳೆಯವರ ಧೈರ್ಯವನ್ನು ಹೇಳಿ ಈ ಬರಹವನ್ನು ಮುಚ್ಚಿಡುವುದು ಅವರಿಗೆ ಮಾಡುವ ಅನ್ಯಾಯ. ಈ ಬರಹವೊಂದನ್ನೇ ಹಿಡಿದು ಅವರು ತೆತ್ತ ಬೆಲೆಯನ್ನು ಅಳಿಸಿಹಾಕುವುದನ್ನೂ ನಾವು ಒಪ್ಪುವುದಿಲ್ಲ. ಆ ಬೆಲೆ ಸಣ್ಣದಾಗಿರಲಿಲ್ಲ.

1910ರ ಸೆಪ್ಟೆಂಬರ್ 26ರಂದು ಮಹಾರಾಜರ ಆಜ್ಞೆ ಹೊರಟಿತು. ಪತ್ರಿಕೆ ನಿಷಿದ್ಧವಾಯಿತು, ಮುದ್ರಣಾಲಯವೂ ಅದರ ಸರಂಜಾಮೂ ಸರಕಾರದ ಮುಟ್ಟುಗೋಲಿಗೆ ಒಳಗಾದವು, ಸಂಪಾದಕರು ಸಂಸ್ಥಾನದ ಗಡಿಯಾಚೆಗೆ ಹೋಗಬೇಕು, ಮತ್ತೆಂದೂ ಒಳಗೆ ಕಾಲಿಡಕೂಡದು. ವಿಚಾರಣೆಯಿಲ್ಲ, ಆರೋಪಪಟ್ಟಿಯಿಲ್ಲ, ವಾದಿಸಲು ಅವಕಾಶವಿಲ್ಲ. ಪೋಲಿಸರು ಅಚ್ಚುಕೂಟಕ್ಕೆ ಬಂದು ಅವರನ್ನು ಹಿಡಿದರು. ದಕ್ಷಿಣದ ಹಾದಿಯಲ್ಲಿ ಕರೆದೊಯ್ದು, ಆರಾಲ್ವಾಯ್‌ಮೊಳಿಯ ಗಡಿಯನ್ನು ದಾಟಿಸಿ, ಬ್ರಿಟಿಷ್ ಆಡಳಿತದ ತಿರುನೆಲ್ವೇಲಿಯಲ್ಲಿ ಬಿಟ್ಟರು. ತಿರುವನಂತಪುರದಲ್ಲಿ ಪತ್ನಿಯೂ ಎಳೆಯ ಮಕ್ಕಳೂ ಉಳಿದಿದ್ದರು.

ವಕ್ಕಂ ಮೌಲವಿಯವರು ತಾವೇ ಒಂದು ಅಕ್ಷರವನ್ನೂ ಬರೆಯದ ಲೇಖನಗಳಿಗಾಗಿ ತಮ್ಮ ಯಂತ್ರ, ಬಂಡವಾಳ, ಪತ್ರಿಕೆ ಮೂರನ್ನೂ ಕಳೆದುಕೊಂಡರು. ಕ್ಷಮೆ ಬೇಡಿ ಯಂತ್ರವನ್ನಾದರೂ ಹಿಂದಕ್ಕೆ ಪಡೆಯಿರೆಂದು ಹಿತೈಷಿಗಳು ಹೇಳಿದಾಗ, ಸಂಪಾದಕನಿಲ್ಲದ ಮೇಲೆ ಅಚ್ಚುಕೂಟವೇಕೆಂಬ ಭಾವದಿಂದ ಅವರು ನಿರಾಕರಿಸಿದರೆಂದು ಕೇರಳದಲ್ಲಿ ಇಂದಿಗೂ ಹೇಳುತ್ತಾರೆ. 1932ರಲ್ಲಿ ತೀರಿಕೊಳ್ಳುವವರೆಗೂ ಆ ಯಂತ್ರ ಅವರ ಕೈಗೆ ಬರಲಿಲ್ಲ. ಸ್ಮಾರಕ, ಪ್ರಶಸ್ತಿಗಳಲ್ಲಿ ಸಂಪಾದಕರ ಹೆಸರು ಮುಂದೆ ಬಂದಷ್ಟು ಈ ಮಾಲಿಕರ ಹೆಸರು ಬರುವುದಿಲ್ಲವೆಂಬುದು ನಮಗೆ ಖೇದದ ಸಂಗತಿ. ಸಂಪಾದಕನ ಸ್ವಾತಂತ್ರ್ಯಕ್ಕಾಗಿ ಆಸ್ತಿಯನ್ನು ಬಿಟ್ಟುಕೊಟ್ಟ ಮಾಲಿಕರು ಎಷ್ಟು ಮಂದಿ!

ಗಡೀಪಾರಿನ ಬಳಿಕ ಉಳಿದದ್ದು ಐದೂವರೆ ವರ್ಷದ ಬಾಳು. ಕೆಲಕಾಲ ಮದರಾಸು, ಕಲ್ಯಾಣಿ ಅಮ್ಮನವರೂ ಮಕ್ಕಳೂ ಬಂದು ಸೇರಿದರು. ತಮಗಾದುದನ್ನು ಬರೆದ ಪುಸ್ತಕಕ್ಕೆ 'ಎನ್ಟೆ ನಾಡುಕಡತ್ತಲ್', ಎಂದರೆ ನನ್ನ ಗಡೀಪಾರು, ಎಂದು ಹೆಸರಿಟ್ಟರು. ಅನಂತರ ಪಾಲಕ್ಕಾಡು. ಅಲ್ಲಿ ಕಾದಂಬರಿಕಾರ್ತಿ ತರವತ್ ಅಮ್ಮಾಳು ಅಮ್ಮ ಈ ಕುಟುಂಬಕ್ಕೆ ಆಶ್ರಯವಿತ್ತರು. ಸ್ವಂತ ಪತ್ರಿಕೆಯಿಲ್ಲದ, ಸ್ವಂತ ನಾಡಿಲ್ಲದ ಆ ದಿನಗಳಲ್ಲಿಯೇ ಅವರ ಬಾಳಿಕೆಯ ಬರಹ ಬಂದದ್ದು. 1912ರಲ್ಲಿ 'ವೃತ್ತಾಂತಪತ್ರ ಪ್ರವರ್ತನಂ' ಪ್ರಕಟವಾಯಿತು. ಸುದ್ದಿಯೆಂದರೇನು, ವರದಿಗಾರ ಏನನ್ನು ಗಮನಿಸಬೇಕು, ಸಂಪಾದಕನ ಹೊಣೆ ಯಾವುದು ಎಂದು ಪತ್ರಿಕಾವೃತ್ತಿಯನ್ನು ಕ್ರಮವಾಗಿ ವಿವರಿಸುವ ಮಲಯಾಳದ ಮೊದಲ ಪುಸ್ತಕವದು. ಬಾಯಿ ಕಟ್ಟಿದ ಮೇಲೆ ಮನುಷ್ಯ ಶಪಿಸುತ್ತ ಕೂರಬಹುದು. ಇವರು ಪಠ್ಯಪುಸ್ತಕ ಬರೆದರು. ಅದೇ ವರ್ಷ ಕಾರ್ಲ್ ಮಾರ್ಕ್ಸ್‌ನ ಸಣ್ಣ ಜೀವನಚರಿತ್ರೆಯೊಂದನ್ನೂ ಪ್ರಕಟಿಸಿದರು. ರಷ್ಯದ ಕ್ರಾಂತಿಗೆ ಇನ್ನೂ ಐದು ವರ್ಷಗಳಿದ್ದವು. ಭಾರತೀಯ ಭಾಷೆಯೊಂದರಲ್ಲಿ ಮಾರ್ಕ್ಸ್‌ನನ್ನು ಕುರಿತು ಬಂದ ಮೊದಲ ಪುಸ್ತಕವೆಂದು ಅದನ್ನು ಪರಿಗಣಿಸುತ್ತಾರೆ. ದುಡಿಯುವವರ ಪರವಾದ ಚಿಂತಕನನ್ನು ತನ್ನ ಭಾಷೆಗೆ ತಂದವರೂ, ಗದ್ದೆಯಲ್ಲಿ ದುಡಿಯುವವರ ಮಕ್ಕಳು ತರಗತಿಯಲ್ಲಿ ಕೂರಬಾರದೆಂದು ಎರಡು ವರ್ಷ ಮೊದಲು ಬರೆದವರೂ ಒಬ್ಬರೇ. ಈ ಎರಡನ್ನೂ ಹೊಂದಿಸಿ ಹೇಳುವ ವಿವರಣೆ ನಮಗೆ ದೊರೆತಿಲ್ಲ. ಮೇಲಿನ ತರಗತಿಯ ಮಕ್ಕಳ ಮುಂದೆ ಎರಡನ್ನೂ ಇಟ್ಟು ನೋಡಿದ್ದೇವೆ. ಅವರು ಕೇಳುವ ಪ್ರಶ್ನೆಗಳು ನಮ್ಮವಕ್ಕಿಂತ ನೇರವಾಗಿರುತ್ತವೆ.

ಪಾಲಕ್ಕಾಡಿನಲ್ಲಿರುವಾಗಲೇ ಪತ್ರಿಕೆಯ ಹೆಸರು ಅವರ ಹೆಸರಿನೊಡನೆ ಬಿರುದಾಗಿ ಸೇರಿಕೊಂಡಿತು. 'ಆತ್ಮಪೋಷಿಣಿ' ಎಂಬ ಮಾಸಿಕವನ್ನು ಸ್ವಲ್ಪ ಕಾಲ ಸಂಪಾದಿಸಿದರು. ಆದರೆ ದೇಹ ಕುಗ್ಗುತ್ತ ಬಂದಿತ್ತು. 1915ರಲ್ಲಿ ಕಲ್ಯಾಣಿ ಅಮ್ಮನವರಿಗೆ ಕಣ್ಣೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ದೊರೆಯಿತು. ಕುಟುಂಬ ಅಲ್ಲಿಗೆ ಬಂದಿತು. ದೇಶದ ಪ್ರಸಿದ್ಧ ಸಂಪಾದಕರೊಬ್ಬರ ಮನೆ ಆಗ ಶಾಲಾ ಶಿಕ್ಷಕಿಯೊಬ್ಬರ ಸಂಬಳದಿಂದ ನಡೆಯುತ್ತಿತ್ತು. ದಕ್ಷಿಣದಿಂದ ಮಂಗಳೂರಿನವರೆಗಿನ ರೈಲುದಾರಿ ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1907ರಲ್ಲಿ, ಪೂರ್ತಿಯಾಗಿತ್ತು. ಕಣ್ಣೂರಿನಿಂದ ಉತ್ತರಕ್ಕೆ ಹೊರಟ ಗಾಡಿ ನಮ್ಮ ಚಂದ್ರಗಿರಿ ಹೊಳೆಯನ್ನು ದಾಟಿ ಹೋಗುತ್ತಿತ್ತು. ಕಣ್ಣೂರೂ ಕಾಸರಗೋಡೂ ಆಗ ಒಂದೇ ಮದರಾಸು ಪ್ರಾಂತ್ಯದ ಊರುಗಳು. ದಕ್ಷಿಣಕ್ಕೆ ಹೋಗುವ ಗಾಡಿ ಮಾತ್ರ ಅವರ ಪಾಲಿಗೆ ಊರಿಗೆ ಹೋಗುವ ಗಾಡಿಯಾಗಿರಲಿಲ್ಲ.

1916ರ ಮಾರ್ಚ್ 28ರಂದು ಕ್ಷಯರೋಗದಿಂದ ಅವರು ನಿಧನರಾದರು. ಮೂವತ್ತೆಂಟು ತುಂಬಲು ಇನ್ನೂ ಎರಡು ತಿಂಗಳಿದ್ದವು. ಗಡೀಪಾರಿನ ಆಜ್ಞೆ ಆಗಲೂ ಜಾರಿಯಲ್ಲಿತ್ತು. ದೇಹವನ್ನು ಪಯ್ಯಾಂಬಲದ ಕಡಲತೀರದಲ್ಲಿಯೇ ಮಣ್ಣುಮಾಡಿದರು. ಮುಂದೆ ಸ್ವಾತಂತ್ರ್ಯ ಬಂದು ರಾಜ್ಯಭಾರಗಳು ಅಳಿದ ಮೇಲೆ ತಿರುವನಂತಪುರದಲ್ಲಿ ಅವರ ಪ್ರತಿಮೆ ನಿಂತಿತು. ಕೇರಳ ಸರಕಾರ ಹಿರಿಯ ಪತ್ರಕರ್ತರಿಗೆ ಕೊಡುವ ಪುರಸ್ಕಾರಕ್ಕೆ ಸ್ವದೇಶಾಭಿಮಾನಿ ಮತ್ತು ಕೇಸರಿ ಬಾಲಕೃಷ್ಣ ಪಿಳ್ಳೆ ಇಬ್ಬರ ಹೆಸರನ್ನೂ ಇಟ್ಟಿದೆ. ಊರೂಟ್ಟಂಬಲದ ಶಾಲೆ ಇಂದು ಅಯ್ಯನ್‌ಕಾಳಿ ಮತ್ತು ಪಂಚಮಿಯರ ಹೆಸರನ್ನು ಹೊತ್ತಿದೆ.

ಪತಿ ತೀರಿದ ವರ್ಷವೇ ಕಲ್ಯಾಣಿ ಅಮ್ಮನವರು 'ವ್ಯಾಳವಟ್ಟ ಸ್ಮರಣಗಳ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಗುರುಗ್ರಹ ರಾಶಿಚಕ್ರವನ್ನು ಒಮ್ಮೆ ಸುತ್ತಿಬರಲು ಹಿಡಿಯುವ ಹನ್ನೆರಡು ವರ್ಷಗಳಿಗೆ ಮಲಯಾಳದಲ್ಲಿ ವ್ಯಾಳವಟ್ಟವೆನ್ನುತ್ತಾರೆ. ಅವರಿಬ್ಬರೂ ಜೊತೆಗೆ ಬಾಳಿದ ಕಾಲ ಹೆಚ್ಚುಕಡಿಮೆ ಅಷ್ಟೇ. ರಾಮಕೃಷ್ಣ ಪಿಳ್ಳೆಯವರ ಮನೆವಾರ್ತೆ, ಸಾಲ, ಕಾಯಿಲೆ, ಹಟ, ಕೋಪಗಳನ್ನು ನಾವು ಇಂದು ಬಲ್ಲೆವಾದರೆ ಅದು ಬಹುಮಟ್ಟಿಗೆ ಈ ಶಿಕ್ಷಕಿಯ ಬರವಣಿಗೆಯಿಂದ. ಅವರು 1959ರವರೆಗೆ ಬದುಕಿದ್ದರು. ತಿರುವಾಂಕೂರು, ಮಲಬಾರು, ನಮ್ಮ ಕಾಸರಗೋಡು ಮೂರೂ ಒಂದೇ ರಾಜ್ಯವಾಗಿ, ಪತಿಯನ್ನು ದಾಟಿಸಿದ ಗಡಿಯೇ ಅಳಿಸಿಹೋದದ್ದನ್ನು ಅವರು ಕಂಡರು.